ಮುಷ್ಟಿ ಬಿಚ್ಚಿಸುವ ಡಾಕ್ಟರು ಜಿಲ್ಲಾಸ್ಪತ್ರೆಗೆ ಯಾವಾಗ ಬರ್ತಾರೆ?

ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದಾಗ ಮೊದಲ ಎರಡು ವಾರ ಬಲಗೈ ಹತ್ತಿ ಬಟ್ಟೆಯ ಹಾಗೆ ಜೋಲುತ್ತಿತ್ತು. ಎತ್ತಿ ಬಿಟ್ಟರೆ ಹಾಸಿಗೆ ಮೇಲೆ ದೊಪ್ಪಂತ ಬೀಳೋದು. ಮೂರನೇ ತಿಂಗಳಿಗೆ ಆ ಕೈ ತಾನಾಗಿ ಮಡಚಿಕೊಳ್ಳೋಕೆ ಶುರುವಾಯ್ತು. ಮೊಣಕೈ ಎದೆಗೆ ಒತ್ತಿಕೊಂಡಿತು, ಬೆರಳುಗಳು ಮುಷ್ಟಿ ಕಟ್ಟಿದವು. "ಶಕ್ತಿ ವಾಪಸ್ ಬರ್ತಾ ಇದೆ ಕಣಮ್ಮ" ಅಂತ ಬಂದವರೆಲ್ಲ ದೊಡ್ಡಮ್ಮನಿಗೆ ಸಮಾಧಾನ ಹೇಳಿದರು. ಎಂಟನೇ ತಿಂಗಳಲ್ಲಿ ಮುಷ್ಟಿಯೊಳಗಿಂದ ವಾಸನೆ ಬರೋಕೆ ಶುರುವಾದಾಗಲೇ ನಮಗೆ ಗೊತ್ತಾಗಿದ್ದು, ಉಗುರುಗಳು ಅಂಗೈಯನ್ನೇ ಕೊರೆದು ಗಾಯ ಮಾಡಿವೆ ಅಂತ. ಆ ಮುಷ್ಟಿ ಬಿಡಿಸಿ ಅಂಗೈ ತೊಳೆಯೋಕೆ ಇಬ್ಬರು ಬೇಕಿತ್ತು. ಒಬ್ಬರು ಬೆರಳು ಎಳೆಯೋಕೆ, ಇನ್ನೊಬ್ಬರು ದೊಡ್ಡಪ್ಪನ ಕೂಗು ಸಹಿಸಿಕೊಂಡು ಒರೆಸೋಕೆ.

ಆ ಎಂಟು ತಿಂಗಳಲ್ಲಿ ನಾವು ನಾಲ್ಕು ಡಾಕ್ಟರುಗಳನ್ನು ನೋಡಿದ್ದೆವು. ಯಾರೂ ಕೆಟ್ಟವರಲ್ಲ. ಬಿಪಿ ಮಾತ್ರೆ ಬರೆದರು, ರಕ್ತ ತೆಳು ಮಾಡೋ ಮಾತ್ರೆ ಬರೆದರು, ಡಿಸ್ಚಾರ್ಜ್ ಚೀಟಿಯ ಕೊನೇ ಸಾಲಿನಲ್ಲಿ "ಫಿಸಿಯೋಥೆರಪಿ ಮಾಡಿಸಿ" ಅಂತಲೂ ಬರೆದರು. ಕೈ ಯಾಕೆ ಹೀಗೆ ಬಿಗೀತಿದೆ, ಇದಕ್ಕೊಂದು ಹೆಸರಿದೆ, ಇದಕ್ಕೇ ಅಂತ ಚಿಕಿತ್ಸೆ ಇದೆ, ತಡ ಮಾಡಿದರೆ ಕೈಜಾರುತ್ತೆ ಅಂತ ಮಾತ್ರ ಯಾರೂ ಹೇಳಲಿಲ್ಲ. ಕಡೆಗೆ ಬೆಂಗಳೂರಿನಲ್ಲಿ ಸಿಕ್ಕ ಐದನೆಯವರು ಕೈಯನ್ನು ಒಮ್ಮೆ ನಿಧಾನಕ್ಕೆ, ಒಮ್ಮೆ ಜೋರಾಗಿ ಎಳೆದು ನೋಡಿ ಹೇಳಿದ್ದು ಇಷ್ಟು: "ಅರ್ಧ ಬಿಗಿತ ನರದ್ದು, ಅದನ್ನ ಇಳಿಸಬಹುದು. ಇನ್ನರ್ಧ ಸ್ನಾಯು ಗಿಡ್ಡ ಆಗಿಹೋಗಿದೆ. ಅದಕ್ಕೆ ಆಪರೇಷನ್ನೇ ಗತಿ. ನಾಲ್ಕು ತಿಂಗಳು ಮುಂಚೆ ಬಂದಿದ್ರೆ ಚೆನ್ನಾಗಿತ್ತು."

ನಾಲ್ಕು ತಿಂಗಳು ಮುಂಚೆ ಯಾರ ಹತ್ತಿರ ಹೋಗಬೇಕಿತ್ತು? ಈ ಪ್ರಶ್ನೆ ಹಿಡಿದು ಹೊರಟರೆ ನಮ್ಮ ವೈದ್ಯಕೀಯ ಶಿಕ್ಷಣದ, ಔಷಧ ಕಂಪನಿಗಳ, ಆರೋಗ್ಯ ವಿಮೆಗಳ ರಾಜಕೀಯವೆಲ್ಲ ಒಂದು ಮುಷ್ಟಿಯೊಳಗೆ ಕೂತಿರೋದು ಕಾಣುತ್ತೆ.

ಇದು ಶಕ್ತಿ ಅಲ್ಲ, ಬಿಗಿತ

ಇದರ ಹೆಸರು ಸ್ಪಾಸ್ಟಿಸಿಟಿ. ಮೆದುಳಿಗೋ ಬೆನ್ನುಹುರಿಗೋ ಪೆಟ್ಟಾದಾಗ ಮೇಲಿನಿಂದ ಸ್ನಾಯುಗಳಿಗೆ ಬರಬೇಕಾದ ಕಡಿವಾಣ ತಪ್ಪುತ್ತೆ. ಕೆಳಗಿನ ಬೆನ್ನುಹುರಿಯ ಪ್ರತಿವರ್ತನೆಗಳು ತಮ್ಮಷ್ಟಕ್ಕೆ ತಾವು ಕುಣಿಯೋಕೆ ಶುರು ಮಾಡುತ್ತವೆ. ಸ್ನಾಯುವನ್ನು ಎಷ್ಟು ವೇಗವಾಗಿ ಎಳೆಯುತ್ತೀರೋ ಅಷ್ಟು ಜೋರಾಗಿ ಅದು ತಿರುಗಿ ಬಿಗಿಯುತ್ತೆ. 1980ರಲ್ಲಿ ಆಸ್ಟ್ರೇಲಿಯಾದ ನರರೋಗ ತಜ್ಞ ಜೇಮ್ಸ್ ಲ್ಯಾನ್ಸ್ ಕೊಟ್ಟ ವ್ಯಾಖ್ಯಾನದ ಸಾರ ಇದೇ. ಬೆಂಗಳೂರಿನ ಆ ಡಾಕ್ಟರು ಒಮ್ಮೆ ನಿಧಾನಕ್ಕೆ, ಒಮ್ಮೆ ಜೋರಾಗಿ ಎಳೆದದ್ದು ಇದಕ್ಕೇ. ನಿಧಾನಕ್ಕೆ ಎಳೆದರೆ ಬಿಡಿಸಿಕೊಳ್ಳುವ ಕೈ, ಜೋರಾಗಿ ಎಳೆದರೆ ಸಿಕ್ಕಿಬೀಳುತ್ತೆ ಅಂದ್ರೆ ಅದು ನರದ ಬಿಗಿತ. ಹೇಗೆ ಎಳೆದರೂ ಒಂದೇ ಜಾಗದಲ್ಲಿ ನಿಂತರೆ ಸ್ನಾಯುವೇ ಗಿಡ್ಡವಾಗಿದೆ ಅಂತ. ಈ ಪರೀಕ್ಷೆಗೆ ಸ್ಕ್ಯಾನಿಂಗ್ ಮೆಷಿನ್ ಬೇಡ, ಲ್ಯಾಬ್ ಬೇಡ. ಎರಡು ಕೈ, ಐದು ನಿಮಿಷ, ಒಂದಿಷ್ಟು ತರಬೇತಿ ಸಾಕು.

ಇದು ಲಕ್ವ ಹೊಡೆದವರ ಕಥೆ ಮಾತ್ರ ಅಲ್ಲ. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಇಪ್ಪತ್ತರ ಹುಡುಗ, ಅಡಿಕೆ ಮರದಿಂದಲೋ ತೆಂಗಿನ ಮರದಿಂದಲೋ ಬಿದ್ದು ಬೆನ್ನುಹುರಿ ಮುರಿದುಕೊಂಡ ಕೂಲಿಕಾರ, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರು, ಎಲ್ಲಕ್ಕಿಂತ ಹೆಚ್ಚಾಗಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಎರಡರಿಂದ ಮೂರು ಮಕ್ಕಳಿಗೆ ಸೆರೆಬ್ರಲ್ ಪಾಲ್ಸಿ ಇರುತ್ತೆ, ಅವರಲ್ಲಿ ಬಹುಪಾಲು ಮಕ್ಕಳದ್ದು ಈ ಬಿಗಿತದ ಬಗೆಯೇ. ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬರೋದು, ತುದಿಗಾಲಲ್ಲಿ ನಡೆಯೋದು, ಬೆಳೀತಾ ಬೆಳೀತಾ ಸೊಂಟದ ಕೀಲು ಜಾರೋದು ನೀವೂ ನೋಡಿರುತ್ತೀರಿ. ಊರಲ್ಲಿ ಇದನ್ನು "ಮಗು ಸೆಟೆದುಕೊಂಡಿದೆ" ಅಂತಾರೆ. ಅಷ್ಟು ಹೇಳಿ ಸುಮ್ಮನಾಗುತ್ತಾರೆ.

ಇಲ್ಲೊಂದು ಸೂಕ್ಷ್ಮವೂ ಇದೆ. ಬಿಗಿತ ಯಾವಾಗಲೂ ಶತ್ರುವೇ ಅಲ್ಲ. ಕಾಲಲ್ಲಿ ಸ್ವಂತ ಶಕ್ತಿ ಇಲ್ಲದ ಎಷ್ಟೋ ಜನ ಆ ಬಿಗಿತವನ್ನೇ ಊರುಗೋಲು ಮಾಡಿಕೊಂಡು ನಿಲ್ಲುತ್ತಾರೆ. ಗೊತ್ತಿಲ್ಲದ ಡಾಕ್ಟರು ಉತ್ಸಾಹದಲ್ಲಿ ಅದನ್ನು ಇಳಿಸಿಬಿಟ್ಟರೆ, ಬೆಳಿಗ್ಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದವರು ಮಾರನೇ ದಿನದಿಂದ ಹಾಸಿಗೆ ಹಿಡೀತಾರೆ. ಹಾಗಾಗಿ ಇಲ್ಲಿ "ಎಷ್ಟು ಬಿಗಿತ ಇದೆ" ಅನ್ನೋದಕ್ಕಿಂತ "ಇದನ್ನು ಇಳಿಸಿದರೆ ಈ ಮನುಷ್ಯನ ದಿನ ಹೇಗೆ ಬದಲಾಗುತ್ತೆ" ಅನ್ನೋದೇ ದೊಡ್ಡ ಪ್ರಶ್ನೆ. ಇದನ್ನು ಕೇಳೋದು ಪುಸ್ತಕದಿಂದ ಬರೋಲ್ಲ. ನೂರಾರು ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಗುರುವಿನ ಪಕ್ಕ ನಿಂತು ಕಲಿಯಬೇಕಾದ ವಿದ್ಯೆ ಇದು. ಫೆಲೋಶಿಪ್ ಅನ್ನೋದು ಅದಕ್ಕೇ.

ಕಲಿಯಬೇಕಾದದ್ದು ಏನು?

ಫೆಲೋಶಿಪ್ ಅಂದ ತಕ್ಷಣ ಜನ ಅಂದುಕೊಳ್ಳೋದು ಬೊಟಾಕ್ಸ್ ಚುಚ್ಚೋದನ್ನು ಕಲಿಯೋದು ಅಂತ. ಹೌದು, ಸಿನಿಮಾದವರು ಮುಖದ ಸುಕ್ಕಿಗೆ ಹಾಕಿಸಿಕೊಳ್ಳುವ ಅದೇ ಬೊಟುಲಿನಮ್ ಟಾಕ್ಸಿನ್. ನರದಿಂದ ಸ್ನಾಯುವಿಗೆ ಹೋಗುವ ಸಂಕೇತವನ್ನು ಅದು ತಡೆಯುತ್ತೆ. ಪರಿಣಾಮ ಮೂರು-ನಾಲ್ಕು ತಿಂಗಳು. ಸಂಶೋಧನೆಗಳು ಹೇಳೋದನ್ನು ಪ್ರಾಮಾಣಿಕವಾಗಿ ಹೇಳಬೇಕು ಅಂದ್ರೆ, ಲಕ್ವ ಹೊಡೆದ ಕೈಗೆ ಇದರಿಂದ ಬರೆಯುವ, ತಿನ್ನುವ ಶಕ್ತಿ ವಾಪಸ್ ಬರೋದು ಅಪರೂಪ. ಆದರೆ ಮುಷ್ಟಿ ಸಡಿಲವಾಗುತ್ತೆ, ಅಂಗೈ ತೊಳೆಯಬಹುದು, ತೋಳಿಗೆ ಅಂಗಿ ಹಾಕಬಹುದು, ನೋವು ಇಳಿಯುತ್ತೆ. ಆ ಮೂರು ತಿಂಗಳ ಕಿಟಕಿಯಲ್ಲಿ ಫಿಸಿಯೋಥೆರಪಿ, ಸ್ಪ್ಲಿಂಟು ಸರಿಯಾಗಿ ನಡೆದರೆ ಮಾತ್ರ ಲಾಭ. ಇಲ್ಲದಿದ್ದರೆ ಸಾವಿರಾರು ರೂಪಾಯಿ ನೀರುಪಾಲು.

ಅದಕ್ಕೇ ನಿಜವಾದ ತರಬೇತಿಯಲ್ಲಿ ಇಂಜೆಕ್ಷನ್ ಒಂದು ಅಧ್ಯಾಯ ಅಷ್ಟೇ. ಮುಂಗೈಯಲ್ಲಿ ಒಂದರ ಕೆಳಗೊಂದು ಮಲಗಿರುವ ಹತ್ತಾರು ಸ್ನಾಯುಗಳಲ್ಲಿ ತಪ್ಪಿತಸ್ಥ ಯಾವುದು ಅಂತ ಅಲ್ಟ್ರಾಸೌಂಡಿನಲ್ಲಿ ಗುರುತಿಸೋದು. ಬ್ಯಾಕ್ಲೋಫೆನ್ ಮಾತ್ರೆ ಯಾರಿಗೆ ಎಷ್ಟು, ಅದನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು ಅಂತ ಮನೆಯವರಿಗೆ ಅರ್ಥವಾಗೋ ಹಾಗೆ ಹೇಳೋದು. ಹೊಟ್ಟೆಯ ಚರ್ಮದಡಿ ಪಂಪು ಇಟ್ಟು ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಔಷಧ ಹರಿಸುವ ವಿಧಾನ 1980ರ ದಶಕದಿಂದ ಇದೆ, ಅದು ಯಾರಿಗೆ ಬೇಕು ಅಂತ ಆರಿಸೋದು. ಬೆನ್ನುಹುರಿಗೆ ಬರುವ ಕೆಲವು ನರತಂತುಗಳನ್ನು ಆಯ್ದು ಕತ್ತರಿಸುವ ಶಸ್ತ್ರಚಿಕಿತ್ಸೆ ಯಾವ ಮಗುವಿಗೆ ಒಗ್ಗುತ್ತೆ, ಯಾವುದಕ್ಕೆ ಒಗ್ಗಲ್ಲ ಅಂತ ತಿಳಿಯೋದು. ಅಂದ ಹಾಗೆ, ಈ ಶಸ್ತ್ರಚಿಕಿತ್ಸೆಯ ಈಗಿನ ರೂಪವನ್ನು ರೂಢಿಗೆ ತಂದದ್ದು ಅಮೆರಿಕದ ದೊಡ್ಡ ಆಸ್ಪತ್ರೆ ಅಲ್ಲ. 1980ರ ದಶಕದ ಆರಂಭದಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿದ್ದ ವಾರ್ವಿಕ್ ಪೀಕಾಕ್.

ಇನ್ನೊಂದು ಔಷಧದ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ಫಿನಾಲ್. ನಮ್ಮ ಫಿನಾಯಿಲ್‌ನ ಹತ್ತಿರದ ಸಂಬಂಧಿ. ಸರಿಯಾದ ಪ್ರಮಾಣದಲ್ಲಿ ದುರ್ಬಲಗೊಳಿಸಿ ನಿರ್ದಿಷ್ಟ ನರದ ಬಳಿ ಹಾಕಿದರೆ ತಿಂಗಳುಗಟ್ಟಲೆ ಬಿಗಿತ ಇಳಿಯುತ್ತೆ. ಟಾಕ್ಸಿನ್‌ನ ಒಂದು ವೈಲ್‌ಗೆ ಸಾವಿರಗಳ ಲೆಕ್ಕ, ಫಿನಾಲ್‌ಗೆ ಪುಡಿಗಾಸು. ಹಾಗಾದ್ರೆ ಯಾಕೆ ಎಲ್ಲರೂ ಇದನ್ನೇ ಹಾಕಲ್ಲ? ಯಾಕಂದ್ರೆ ಇದಕ್ಕೆ ಕೈಚಳಕ ಜಾಸ್ತಿ ಬೇಕು. ಸೂಜಿಯ ತುದಿಯಲ್ಲಿ ಸಣ್ಣ ಕರೆಂಟು ಕೊಟ್ಟು ನರವನ್ನು ಹುಡುಕಬೇಕು. ಸ್ಪರ್ಶದ ತಂತುಗಳೂ ಇರುವ ನರಕ್ಕೆ ತಪ್ಪಾಗಿ ಬಿದ್ದರೆ ರೋಗಿಗೆ ಉರಿನೋವು ಉಳಿದುಬಿಡುತ್ತೆ. ಟಾಕ್ಸಿನ್ ಹಾಕಿ ತಪ್ಪಾದರೆ ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳಲ್ಲಿ ಇಳಿಯುತ್ತೆ, ಫಿನಾಲ್ ಅಷ್ಟು ಕ್ಷಮಿಸೋಲ್ಲ. ಅಂದ್ರೆ ಬಡ ರೋಗಿಗೆ ಕೈಗೆಟುಕುವ ಔಷಧಕ್ಕೇ ಹೆಚ್ಚು ತರಬೇತಿ ಬೇಕು. ಅದನ್ನು ಕಲಿಸೋಕೆ ಯಾವ ಕಂಪನಿಗೂ ಆಸಕ್ತಿ ಇಲ್ಲ, ಯಾಕಂದ್ರೆ ಅದರಲ್ಲಿ ಯಾರಿಗೂ ಲಾಭ ಇಲ್ಲ.

ಕಲಿಸುವವರು ಯಾರು?

ದುಡ್ಡಿರುವವರೇ ಕಲಿಸುವವರಾದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಒಂದು ಪ್ರಕರಣ ಇದೆ. ಬೊಟಾಕ್ಸ್ ತಯಾರಿಸುತ್ತಿದ್ದ ಅಲರ್ಗನ್ ಕಂಪನಿ 2010ರ ಸೆಪ್ಟೆಂಬರಿನಲ್ಲಿ ತಪ್ಪೊಪ್ಪಿಕೊಂಡು 60 ಕೋಟಿ ಡಾಲರ್ ಕಟ್ಟೋಕೆ ಒಪ್ಪಿತು. ಆರೋಪ ಏನು? ಅನುಮತಿ ಇಲ್ಲದ ಬಳಕೆಗಳಿಗೆ ಔಷಧವನ್ನು ಪ್ರಚಾರ ಮಾಡಿದ್ದು. ಆ ಪಟ್ಟಿಯಲ್ಲಿ ತಲೆನೋವಿನ ಜೊತೆ ಸ್ಪಾಸ್ಟಿಸಿಟಿಯೂ ಇತ್ತು, ಮಕ್ಕಳ ಸೆರೆಬ್ರಲ್ ಪಾಲ್ಸಿಯೂ ಇತ್ತು. ಪ್ರಚಾರದ ದಾರಿ ಟಿವಿ ಜಾಹೀರಾತಲ್ಲ. ವೈದ್ಯರ ಕಾರ್ಯಾಗಾರ, ಸಲಹಾ ಮಂಡಳಿ ಸಭೆ, ಮೇಲ್ನೋಟಕ್ಕೆ ಸ್ವತಂತ್ರ ಅನ್ನಿಸುವ "ಶೈಕ್ಷಣಿಕ" ಸಂಸ್ಥೆ. ಅಂದ್ರೆ ತರಬೇತಿಯೇ ಮಾರಾಟದ ಅಂಗಡಿಯಾಗಿತ್ತು.

ತಮಾಷೆ ಅಂದ್ರೆ, ಅದೇ 2010ರ ಮಾರ್ಚಿನಲ್ಲಿ ವಯಸ್ಕರ ಕೈ ಬಿಗಿತಕ್ಕೆ ಬೊಟಾಕ್ಸ್ ಬಳಸಲು ಅಮೆರಿಕದ ಎಫ್‌ಡಿಎ ಅಧಿಕೃತ ಅನುಮತಿಯನ್ನೂ ಕೊಟ್ಟಿತ್ತು. ಔಷಧ ಕೆಲಸ ಮಾಡ್ತಿತ್ತು, ಕಂಪನಿ ಕಾನೂನು ಮುರಿದಿದ್ದೂ ನಿಜ. ಎರಡೂ ಒಟ್ಟಿಗೇ ನಿಜ ಆಗಿರಬಹುದು ಅನ್ನೋದನ್ನು ನಾವು ಮರೀತೀವಿ. ಇದಕ್ಕೂ ಒಂದು ವರ್ಷ ಮುಂಚೆ, 2009ರಲ್ಲಿ, ಟಾಕ್ಸಿನ್ ಚುಚ್ಚಿದ ಜಾಗದಿಂದ ದೇಹದ ಬೇರೆಡೆಗೆ ಹರಡಿ ನುಂಗೋದಕ್ಕೆ, ಉಸಿರಾಟಕ್ಕೆ ತೊಂದರೆಯಾಗಬಹುದು ಅಂತ ಎಫ್‌ಡಿಎ ಅತ್ಯಂತ ಗಂಭೀರ ಶ್ರೇಣಿಯ ಎಚ್ಚರಿಕೆಯನ್ನು ಲೇಬಲ್ ಮೇಲೆ ಹಾಕಿಸಿತ್ತು. ಬಿಗಿತಕ್ಕೆ ಚಿಕಿತ್ಸೆ ಪಡೆದ ಸೆರೆಬ್ರಲ್ ಪಾಲ್ಸಿ ಮಕ್ಕಳ ಪ್ರಕರಣಗಳೇ ಅಲ್ಲಿ ಹೆಚ್ಚು ಚಿಂತೆಗೆ ಕಾರಣವಾಗಿದ್ದವು. ಮಗುವಿನ ತೂಕಕ್ಕೆ ತಕ್ಕ ಡೋಸ್ ಲೆಕ್ಕ ಹಾಕೋದು, ಮೊದಲೇ ನುಂಗಲು ಕಷ್ಟಪಡುವ ಮಗುವನ್ನು ಗುರುತಿಸೋದು, ಇವೆಲ್ಲ ಹೋಟೆಲ್ ಹಾಲ್‌ನಲ್ಲಿ ಶನಿವಾರ ಮಧ್ಯಾಹ್ನ ಸ್ಲೈಡ್ ನೋಡಿ ಕಲಿಯುವಂಥದ್ದಲ್ಲ.

ನಮ್ಮಲ್ಲಿ? 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಔಷಧ ಮಾರಾಟದ ಹೊಸ ಏಕರೂಪ ಸಂಹಿತೆ ತಂತು. ವೈದ್ಯರಿಗೆ ಉಡುಗೊರೆ, ಪ್ರವಾಸ ಕೊಡೋದಕ್ಕೆ ಅದರಲ್ಲಿ ನಿರ್ಬಂಧ ಇದೆ. ಆದರೆ ಅದನ್ನು ಜಾರಿ ಮಾಡೋದು ಮುಖ್ಯವಾಗಿ ಕಂಪನಿಗಳ ಸಂಘಟನೆಗಳೇ ರಚಿಸಿಕೊಳ್ಳುವ ಸಮಿತಿಗಳು. ಬೆಕ್ಕಿಗೆ ಹಾಲಿನ ಕಾವಲು. ಸರ್ಕಾರ ಕಲಿಸದೆ ಬಿಟ್ಟ ಖಾಲಿ ಜಾಗ ಎಲ್ಲಿಯವರೆಗೆ ಇರುತ್ತೋ, ಅಲ್ಲಿಯವರೆಗೆ ಆ ಜಾಗಕ್ಕೆ ಕಂಪನಿಯ ಬ್ಯಾನರ್ ಬಂದೇ ಬರುತ್ತೆ. ಸಂಹಿತೆ ಬ್ಯಾನರಿನ ಗಾತ್ರವನ್ನು ಕಮ್ಮಿ ಮಾಡಬಹುದು ಅಷ್ಟೇ.

ಪಾಠ ಇದೆ, ಮೇಷ್ಟ್ರು ಇಲ್ಲ

ಈ ಬಿಗಿತವನ್ನು ನೋಡಿಕೊಳ್ಳೋಕೆ ಅಂತಲೇ ಒಂದು ವೈದ್ಯ ಶಾಖೆ ಇದೆ. ಫಿಸಿಕಲ್ ಮೆಡಿಸಿನ್ ಅಂಡ್ ರಿಹ್ಯಾಬಿಲಿಟೇಷನ್, ಚುಟುಕಾಗಿ ಪಿಎಂಆರ್. ನಿಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರಿ? ಇದು ಫಿಸಿಯೋಥೆರಪಿ ಅಲ್ಲ. ಎಂಬಿಬಿಎಸ್ ಆದ ಮೇಲೆ ಎಂಡಿ ಮಾಡುವ ವಿಷಯ.

ಭಾರತದಲ್ಲಿ ಈ ಶಾಖೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಸ್ವತಃ ವೀಲ್‌ಚೇರಿನಲ್ಲಿದ್ದವರು. ವೆಲ್ಲೂರಿನ ಸಿಎಂಸಿಯ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನುಹುರಿ ಮುರಿದುಕೊಂಡರು. ಆಮೇಲೆ ವೀಲ್‌ಚೇರಿನಲ್ಲಿ ಕೂತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಹೊವಾರ್ಡ್ ರಸ್ಕ್ ಅವರ ಸಂಸ್ಥೆಯಲ್ಲಿ ಪುನರ್ವಸತಿ ವೈದ್ಯಶಾಸ್ತ್ರ ಕಲಿತು ಬಂದು ವೆಲ್ಲೂರಿನ ವಿಭಾಗ ಕಟ್ಟಿದರು. 1966ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ತೆರೆಯಿತು. ಒಬ್ಬ ಸರಿಯಾದ ವ್ಯಕ್ತಿಗೆ ಸಿಕ್ಕ ತರಬೇತಿ ಏನು ಮಾಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಈಗ ಇಂದಿನ ಸ್ಥಿತಿ ನೋಡಿ. 2019ರಲ್ಲಿ ಬಂದ ಸಾಮರ್ಥ್ಯ ಆಧಾರಿತ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಪಿಎಂಆರ್ ಪಾಠಗಳನ್ನು ಸೇರಿಸಲಾಗಿತ್ತು. ಲಕ್ವ, ಸೆರೆಬ್ರಲ್ ಪಾಲ್ಸಿ, ಬೆನ್ನುಹುರಿ ಪೆಟ್ಟು ಎಲ್ಲ ಅಲ್ಲಿತ್ತು. ಒಳ್ಳೇದೇ. ಆದರೆ 2023ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ವೈದ್ಯಕೀಯ ಕಾಲೇಜುಗಳಿಗೆ ಕನಿಷ್ಠ ಮಾನದಂಡ ಪ್ರಕಟಿಸಿದಾಗ, ಇರಲೇಬೇಕಾದ ವಿಭಾಗಗಳ ಪಟ್ಟಿಯಿಂದ ಪಿಎಂಆರ್ ಮಾಯವಾಗಿತ್ತು. ಶ್ವಾಸಕೋಶ ವಿಭಾಗ, ತುರ್ತು ಚಿಕಿತ್ಸಾ ವಿಭಾಗಗಳಿಗೂ ಅದೇ ಗತಿ. ವೈದ್ಯ ಸಂಘಟನೆಗಳು ವಿರೋಧಿಸಿದವು. ಕೋವಿಡ್ ಮುಗಿದ ಮರುವರ್ಷವೇ ಶ್ವಾಸಕೋಶ ವಿಭಾಗ ಐಚ್ಛಿಕ ಅನ್ನೋದು ಸುದ್ದಿಯಾಯ್ತು, ಅಂಗವಿಕಲರ ವಿಭಾಗ ಅಷ್ಟೂ ಸುದ್ದಿಯಾಗಲಿಲ್ಲ.

ಇದರ ಅರ್ಥ ಸರಳ. ಜಿಲ್ಲೆಗೊಂದು ಮೆಡಿಕಲ್ ಕಾಲೇಜು ಅಂತ ಎಲ್ಲ ಪಕ್ಷಗಳೂ ಘೋಷಣೆ ಕೂಗುವ ಕಾಲದಲ್ಲಿ, ಆ ಕಾಲೇಜಿನ ವಿದ್ಯಾರ್ಥಿ ಐದೂವರೆ ವರ್ಷ ಓದಿ ಹೊರಬಂದರೂ ಒಬ್ಬ ಪುನರ್ವಸತಿ ತಜ್ಞರನ್ನು ಕಣ್ಣಾರೆ ನೋಡದೇ ಇರಬಹುದು. ನೋಡದ ವಿಷಯದಲ್ಲಿ ಎಂಡಿ ಮಾಡೋಕೆ ಯಾರು ಬರ್ತಾರೆ? ಎಂಡಿ ಮಾಡಿದವರೇ ಇಲ್ಲದ ಮೇಲೆ ಅದರ ಮೇಲಿನ ಫೆಲೋಶಿಪ್ ಎಲ್ಲಿಂದ ಬರುತ್ತೆ? ಹಾಗಾಗಿ ರೋಗಿ ತುಂಡು ತುಂಡಾಗಿ ಹಂಚಿಹೋಗಿದ್ದಾನೆ. ಮೆದುಳು ನರತಜ್ಞರಿಗೆ, ಕೀಲು ಮೂಳೆ ಡಾಕ್ಟರಿಗೆ, ಮಗುವಾದರೆ ಮಕ್ಕಳ ತಜ್ಞರಿಗೆ, ಮಿಕ್ಕಿದ್ದೆಲ್ಲ ಫಿಸಿಯೋಥೆರಪಿಸ್ಟಿಗೆ. ಬಿಗಿತ ಯಾರಿಗೂ ಸೇರಿಲ್ಲ.

ಕಾನೂನು ಏನನ್ನುತ್ತೆ? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ, ಸೆರೆಬ್ರಲ್ ಪಾಲ್ಸಿಗೆ ಅಲ್ಲಿ ಪ್ರತ್ಯೇಕ ಸ್ಥಾನ ಇದೆ. 25ನೇ ಸೆಕ್ಷನ್, ಆದಾಯ ಮಿತಿಗೆ ಒಳಪಟ್ಟು, ಹತ್ತಿರದಲ್ಲೇ ಉಚಿತ ಆರೋಗ್ಯ ಸೇವೆ ಸಿಗಬೇಕು, ಅದರಲ್ಲೂ ಹಳ್ಳಿಗಳಲ್ಲಿ ಸಿಗಬೇಕು ಅನ್ನುತ್ತೆ. 27ನೇ ಸೆಕ್ಷನ್ ಪುನರ್ವಸತಿಯ ಬಗ್ಗೆ ಹೇಳುತ್ತೆ, ಆದರೆ "ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ" ಅನ್ನುವ ಬಾಲಂಗೋಚಿಯ ಜೊತೆಗೆ. ಆ ಬಾಲಂಗೋಚಿಯ ಮೇಲೆ ಎಲ್ಲ ಸರ್ಕಾರಗಳೂ ಕಾಲು ಚಾಚಿ ಮಲಗಿವೆ.

"ಪಿಎಚ್‌ಸಿಯಲ್ಲಿ ಡಾಕ್ಟ್ರೇ ಇಲ್ಲ, ಇವರಿಗೆ ಫೆಲೋಶಿಪ್ ಬೇಕಂತೆ"

ಈ ಲೇಖನದ ಕರಡು ಓದಿದ ಗೆಳೆಯನೊಬ್ಬ ಕೇಳಿದ್ದು ಇದನ್ನೇ. ಸಾರ್ವಜನಿಕ ಆರೋಗ್ಯ ಚಳವಳಿಯಲ್ಲಿ ವರ್ಷಗಳಿಂದ ಇರುವವನು, ಅವನ ಮಾತನ್ನು ತಳ್ಳಿಹಾಕೋಕಾಗಲ್ಲ. ಸೂಪರ್ ಸ್ಪೆಷಾಲಿಟಿ ಹುಚ್ಚು ನಮ್ಮ ಆರೋಗ್ಯ ವ್ಯವಸ್ಥೆಯನ್ನು ಎಷ್ಟು ಹಾಳು ಮಾಡಿದೆ ಅಂತ ಗೊತ್ತಿದೆ. ಈಗ ಫೆಲೋಶಿಪ್ ಮಾಡಿದವರು ಎಲ್ಲಿ ಹೋಗ್ತಾರೆ? ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಗೆ. ಎಷ್ಟೋ ಫೆಲೋಶಿಪ್‌ಗಳಿಗೆ ವೈದ್ಯಕೀಯ ಆಯೋಗದ ಮಾನ್ಯತೆಯೂ ಇಲ್ಲ, ಸರ್ಕಾರಿ ಕೆಲಸದಲ್ಲಿ ಅದಕ್ಕೆ ಬಡ್ತಿಯೂ ಇಲ್ಲ, ಭತ್ಯೆಯೂ ಇಲ್ಲ. ಹಾಗಿರುವಾಗ ಹಾಸನದಲ್ಲೋ ರಾಯಚೂರಿನಲ್ಲೋ ಸಂಸಾರ ಇಟ್ಟುಕೊಂಡ ಸರ್ಕಾರಿ ವೈದ್ಯ ಒಂದು ವರ್ಷ ರಜೆ ಹಾಕಿ, ಸಂಬಳ ಬಿಟ್ಟು ಯಾಕೆ ಹೋಗ್ತಾರೆ?

ಅವನ ಆಕ್ಷೇಪಣೆಗೆ ನನ್ನ ಉತ್ತರ: ಫೆಲೋಶಿಪ್ ಬೇಡ ಅನ್ನೋದಲ್ಲ, ಅದನ್ನು ಜಿಲ್ಲಾಸ್ಪತ್ರೆಗೆ ಕಟ್ಟಿಹಾಕಬೇಕು. ಇದಕ್ಕೆ ಹತ್ತಿರದ ಉದಾಹರಣೆಗಳೂ ಇವೆ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವ ಮಕ್ಕಳಿಗೆ ಪೊನ್ಸೆಟಿ ವಿಧಾನ ಅಂತ ಒಂದಿದೆ. ವಾರಕ್ಕೊಂದು ಪ್ಲಾಸ್ಟರ್, ಕೊನೆಗೊಂದು ಸಣ್ಣ ಕೊಯ್ತ, ಆಮೇಲೆ ಕೆಲವು ವರ್ಷ ವಿಶೇಷ ಬೂಟು. ಹಿಂದೆ ದೊಡ್ಡ ಆಪರೇಷನ್ ಆಗುತ್ತಿದ್ದ ಸಮಸ್ಯೆಯನ್ನು ಜಿಲ್ಲಾಸ್ಪತ್ರೆಯ ಮೂಳೆ ತಜ್ಞರಿಗೆ ಕೈಹಿಡಿದು ಕಲಿಸಿ, ವಾರದಲ್ಲೊಂದು ನಿಗದಿತ ದಿನ ಕ್ಲಿನಿಕ್ ನಡೆಸಿ ಬಗೆಹರಿಸೋಕೆ ದೇಶದ ಹಲವು ಕಡೆ ಸಾಧ್ಯವಾಗಿದೆ. ಕರ್ನಾಟಕದಲ್ಲೇ 2022ರಲ್ಲಿ ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮ ಇದೆ. ಪ್ರಾಥಮಿಕ ಕೇಂದ್ರದ ವೈದ್ಯರಿಗೆ ಫಿಟ್ಸ್, ಲಕ್ವ, ತಲೆನೋವು, ಮರೆಗುಳಿತನ ಗುರುತಿಸುವ ತರಬೇತಿ, ಜಿಲ್ಲಾಸ್ಪತ್ರೆಗಳಲ್ಲಿ ಕ್ಲಿನಿಕ್. ಆ ಸೇತುವೆ ಈಗಾಗಲೇ ಇದೆ. ಲಕ್ವ ಹೊಡೆದ ದಿನ ಏನು ಮಾಡಬೇಕು ಅನ್ನೋದನ್ನು ಅದರ ಮೇಲೆ ಸಾಗಿಸೋಕಾದರೆ, ಮೂರನೇ ತಿಂಗಳಲ್ಲಿ ಮಡಚಿಕೊಳ್ಳುವ ಕೈಗೆ ಏನು ಮಾಡಬೇಕು ಅನ್ನೋದನ್ನು ಯಾಕಾಗಬಾರದು?

ನಿಮ್ಹಾನ್ಸ್‌ನಲ್ಲಿ ನರ ಪುನರ್ವಸತಿಗೇ ಅಂತ ವಿಭಾಗ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹತ್ತಾರು ವಿಷಯಗಳಲ್ಲಿ ಫೆಲೋಶಿಪ್ ನಡೆಸುತ್ತೆ. ಸೇವೆಯಲ್ಲಿರುವ ಸರ್ಕಾರಿ ವೈದ್ಯರಿಗೆ, ಪೂರ್ತಿ ಸಂಬಳದ ಜೊತೆ ಒಂದು ವರ್ಷ ಕೊಡಿ. ಮೊದಲ ಕೆಲವು ತಿಂಗಳು ದೊಡ್ಡ ಕೇಂದ್ರದಲ್ಲಿ ಕೈಕೆಲಸ ಕಲಿಯಲಿ, ಉಳಿದದ್ದು ತಮ್ಮದೇ ಜಿಲ್ಲಾಸ್ಪತ್ರೆಯಲ್ಲಿ, ಗುರುಗಳು ವಾರವಾರ ವಿಡಿಯೋದಲ್ಲಿ ಕೇಸು ನೋಡುತ್ತಾ. ಪಠ್ಯ ಫಿನಾಲ್‌ನಿಂದ ಶುರುವಾಗಲಿ, ಕಂಪನಿಯ ಒಂದು ಪೆನ್ನೂ ಒಳಗೆ ಬರಬಾರದು. ವೈದ್ಯರ ಜೊತೆಗೇ ಅದೇ ಆಸ್ಪತ್ರೆಯ ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ ಕೂಡ ಕೂರಲಿ. ಇಂಜೆಕ್ಷನ್ ಕೊಟ್ಟ ಮರುದಿನದಿಂದ ಕೈ ಹಿಡಿಯೋರು ಅವರೇ ತಾನೆ? ನಮ್ಮ ವೈದ್ಯ ಸಂಘಗಳಿಗೆ ಈ ಕೊನೇ ಮಾತು ಹಿಡಿಸಲ್ಲ ಅಂತ ಗೊತ್ತು.

2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ಮಕ್ಕಳ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಅವಕಾಶ ಇದೆ. ಮಕ್ಕಳ ತಜ್ಞರಿಂದ ಸಮಾಜ ಕಾರ್ಯಕರ್ತರವರೆಗೆ ಹುದ್ದೆಗಳ ಪಟ್ಟಿ ಉದ್ದವಾಗಿದೆ. ಆ ಪಟ್ಟಿಯಲ್ಲಿ ಪುನರ್ವಸತಿ ವೈದ್ಯರ ಹುದ್ದೆ ಇಲ್ಲ. ಸೆಟೆದುಕೊಂಡ ಮಗುವನ್ನು ಅಂಗನವಾಡಿಯಿಂದ ಹುಡುಕಿ ತರುವ ವ್ಯವಸ್ಥೆ ಮಾಡಿ, ತಂದ ಮೇಲೆ ಬಿಗಿತ ಇಳಿಸುವ ಕೈ ಇಡೋದು ಮರೆತಿದ್ದೇವೆ. ಈ ಫೆಲೋಗಳು ಕೂರಬೇಕಾದ ಕುರ್ಚಿ ಅಲ್ಲೇ ಇದೆ.

ಇನ್ನು ದುಡ್ಡು. ಆಯುಷ್ಮಾನ್ ಭಾರತದಂಥ ಯೋಜನೆಗಳು ಕಟ್ಟಿರೋದೇ ಒಳರೋಗಿ ಲೆಕ್ಕದಲ್ಲಿ. ಅಡ್ಮಿಟ್ ಆಗು, ಆಪರೇಷನ್ ಮಾಡಿಸಿಕೋ, ಪ್ಯಾಕೇಜು ಮುಗೀತು. ಬಿಗಿತದ ಚಿಕಿತ್ಸೆಯ ಸ್ವಭಾವವೇ ಬೇರೆ: ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ, ಮತ್ತೆ ಮೂರು ತಿಂಗಳಿಗೆ ಬಾ, ನಡುವೆ ವಾರಕ್ಕೆರಡು ಸಲ ಥೆರಪಿ, ಹೀಗೆ ವರ್ಷಗಟ್ಟಲೆ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಸೆರೆಬ್ರಲ್ ಪಾಲ್ಸಿ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತೆ, ಥೆರಪಿಯೂ ಅದರಲ್ಲಿ ಸೇರುತ್ತೆ. ಆದರೆ ಲಕ್ವ ಹೊಡೆದ ನಮ್ಮ ದೊಡ್ಡಪ್ಪ ಅದರ ವ್ಯಾಪ್ತಿಗೆ ಬರೋಲ್ಲ. ಬೇಗ ಚಿಕಿತ್ಸೆ ಕೊಟ್ಟರೆ ತಪ್ಪಬಹುದಾದ ಆಪರೇಷನ್‌ಗೆ ಪ್ಯಾಕೇಜು ಸಿಗುತ್ತೆ, ಅದನ್ನು ತಪ್ಪಿಸೋ ಚಿಕಿತ್ಸೆಗೆ ಜೇಬಿನಿಂದ ಕೊಡಬೇಕು.

ಆ ಜೇಬು ಯಾರದ್ದು, ಆ ದುಡಿಮೆ ಯಾರದ್ದು ಅಂತಲೂ ಕೇಳಬೇಕು. ಕತ್ತರಿಯ ಹಾಗೆ ಬಿಗಿದುಕೊಂಡ ಕಾಲುಗಳ ಹನ್ನೆರಡು ವರ್ಷದ ಹುಡುಗಿಯ ಬಟ್ಟೆ ಬದಲಾಯಿಸೋದು, ಮುಟ್ಟಾದಾಗ ಶುಚಿ ಮಾಡೋದು ಎಷ್ಟು ಕಷ್ಟ ಅಂತ ಅವಳ ತಾಯಿಯನ್ನು ಕೇಳಿ. ತೊಡೆಯ ಸಂದಿನ ಒಂದು ನರಕ್ಕೆ ಸರಿಯಾಗಿ ಕೊಟ್ಟ ಒಂದು ಇಂಜೆಕ್ಷನ್ ಆ ತಾಯಿಯ ಬೆಳಗನ್ನು ಅರ್ಧ ಗಂಟೆ ಹಗುರ ಮಾಡಬಹುದು. ಸ್ಪಾಸ್ಟಿಸಿಟಿ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆಯ ಗುರಿ ಬರೆಯುವಾಗ "ಆರೈಕೆ ಮಾಡುವವರಿಗೆ ಸುಲಭವಾಗಬೇಕು" ಅಂತ ಬರೆಯೋದು ವಾಡಿಕೆ. ಮಗು ನಡೆಯದೇ ಇರಬಹುದು, ಆದರೂ ಅದು ಚಿಕಿತ್ಸೆಯೇ, ಅದು ಗೆಲುವೇ. ಹೆಂಗಸರ ಲೆಕ್ಕಕ್ಕಿಲ್ಲದ ದುಡಿಮೆಯನ್ನು ವೈದ್ಯಕೀಯ ಗುರಿಯಾಗಿ ಬರೆದುಕೊಳ್ಳುವ ಇಂಥ ಶಾಖೆಯನ್ನೇ "ಕಡ್ಡಾಯವಲ್ಲ" ಅಂದಿದ್ದಾರೆ ಅನ್ನೋದು ನನಗೆ ಕಾಕತಾಳೀಯ ಅನ್ನಿಸೋಲ್ಲ.

ಮುಂದಿನ ಬಜೆಟ್ ಅಧಿವೇಶನದಲ್ಲಿ ನಿಮ್ಮ ಶಾಸಕರು ಜಿಲ್ಲೆಗೆ ಮೆಡಿಕಲ್ ಕಾಲೇಜು ತಂದೆ ಅಂತ ಬ್ಯಾನರ್ ಕಟ್ಟಿದರೆ, ಅದರಲ್ಲಿ ಪಿಎಂಆರ್ ವಿಭಾಗ ಇದೆಯಾ, ಇದ್ದರೆ ಎಷ್ಟು ಹುದ್ದೆ ಭರ್ತಿಯಾಗಿವೆ ಅಂತ ಒಂದು ಆರ್‌ಟಿಐ ಹಾಕಿ ನೋಡಿ. ಶುಲ್ಕ 10 ರೂಪಾಯಿ.

ದೊಡ್ಡಪ್ಪನಿಗೆ ಇಂಜೆಕ್ಷನ್ ಆಯ್ತು. ಮುಷ್ಟಿ ಮುಕ್ಕಾಲು ಪಾಲು ಬಿಚ್ಚಿದೆ, ಕಿರುಬೆರಳು ಮತ್ತು ಪಕ್ಕದ ಬೆರಳು ಹಾಗೇ ಇವೆ. ಗಾಯ ಮಾಗಿದೆ. ದೊಡ್ಡಮ್ಮ ಈಗ ಒಬ್ಬರೇ ಅಂಗೈ ತೊಳೆದು, ಒರೆಸಿ, ಹಳೇ ಟವೆಲ್ಲನ್ನು ಸುರುಳಿ ಮಾಡಿ ಬೆರಳುಗಳ ನಡುವೆ ಇಡ್ತಾರೆ. ಮುಂದಿನ ಇಂಜೆಕ್ಷನ್ ಮೂರು ತಿಂಗಳಿಗೆ, ಮತ್ತೆ ಬೆಂಗಳೂರಿಗೇ ಹೋಗಬೇಕು. ಬೆಳಿಗ್ಗೆ ಐದೂವರೆ ಬಸ್ಸಿಗೆ ಹೊರಟರೆ ಮನೆ ಸೇರೋದು ರಾತ್ರಿ ಹತ್ತಕ್ಕೆ.